ಸೈನಿಕರಿಗೊಂದು ದಿನ ಇದೆ, ಉಳಿದವರಿಗೆ?

ನೈಜೀರಿಯಾ ಅಧ್ಯಕ್ಷ ಬೋಲಾ ಅಹ್ಮದ್ ಟಿನುಬು ಅವರಿಗೆ,

ನಮಸ್ಕಾರ.

ಕನ್ನಡದಲ್ಲಿ ಬರೆದ ಪತ್ರ ಅಬುಜಾಕ್ಕೆ ತಲುಪುವುದು ಅನುಮಾನ ಅಂತ ನನಗೂ ಗೊತ್ತು. ಬಹಿರಂಗ ಪತ್ರದ ಹಣೆಬರಹವೇ ಅಷ್ಟು. ವಿಳಾಸ ಒಬ್ಬರದು, ಓದುವವರು ಊರಿನವರು. ಆದರೂ ನಿಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ನಾನು ಕೇಳುತ್ತಿರುವ ಕೆಲಸ ಮಾಡುವ ಅಧಿಕಾರ ಇರುವುದು ನಿಮಗೆ. ನಾನು ಕೆಲವು ವರ್ಷ ಲಾಗೋಸ್‌ನಲ್ಲಿ ಒಂದು ಆಮದು ಕಂಪನಿಯ ಲೆಕ್ಕಪತ್ರ ನೋಡಿಕೊಂಡಿದ್ದವನು. ಈಗ ಬೆಂಗಳೂರಿನಲ್ಲಿದ್ದೇನೆ. ಹೊರಗಿನವನಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, ಅಲ್ಲಿನ ಅನ್ನ ತಿಂದಿದ್ದೇನೆ, ಅಷ್ಟು ಸಲಿಗೆ ಇರಲಿ ಎನ್ನುತ್ತೇನೆ.

ಪ್ರತಿ ವರ್ಷ ಜನವರಿ 15ರಂದು ಅಬುಜಾದಲ್ಲಿ ಹುತಾತ್ಮ ಯೋಧರ ದಿನ ನಡೆಯುತ್ತದೆ. ಹೂಗುಚ್ಛ ಇಡುತ್ತೀರಿ, ಬಿಳಿ ಪಾರಿವಾಳ ಹಾರಿಸುತ್ತೀರಿ. ಮೊದಲು ಇದನ್ನು ಬ್ರಿಟಿಷರ ಲೆಕ್ಕದಂತೆ ನವೆಂಬರ್ 11ರಂದು ಮಾಡುತ್ತಿದ್ದರು. ಆಮೇಲೆ ಜನವರಿ 15ಕ್ಕೆ ತಂದರು. ನಿಮ್ಮ ದೇಶದಿಂದ ಬೇರೆಯಾಗಲು ಯುದ್ಧ ಮಾಡಿದ್ದ ಪೂರ್ವದ ಬಯಾಫ್ರಾ 1970ರಲ್ಲಿ ಆ ದಿನವೇ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು. ಅಂದರೆ ನಿಮ್ಮ ದೇಶ ಆ ಯುದ್ಧವನ್ನು ಮರೆತಿಲ್ಲ. ಪ್ರತಿ ವರ್ಷವೂ ನೆನೆಯುತ್ತದೆ. ಆದರೆ ಅಲ್ಲಿ ಸತ್ತವರಲ್ಲಿ ಬಹುಪಾಲು ಜನ ಸಮವಸ್ತ್ರದವರಲ್ಲ. ಊಟವಿಲ್ಲದೆ ಸತ್ತ ಮಕ್ಕಳು, ಮಾರುಕಟ್ಟೆಯಲ್ಲಿ ಬಾಂಬ್ ಬಿದ್ದು ಸತ್ತ ಹೆಂಗಸರು, ಬೀದಿಯಲ್ಲಿ ಸಾಲಾಗಿ ನಿಲ್ಲಿಸಿ ಕೊಂದ ಗಂಡಸರು. ಅವರಿಗೆ ಹೂಗುಚ್ಛ ಇಲ್ಲ. ಅವರನ್ನೂ ಅದೇ ದಿನ, ಅದೇ ಜಾಗದಲ್ಲಿ, ದೇಶದ ಹೆಸರಿನಲ್ಲಿ ನೆನೆಯಿರಿ. ನನ್ನ ಮುಖ್ಯ ಬೇಡಿಕೆ ಇದೊಂದೇ.

ನಮ್ಮ ಓದುಗರಿಗಾಗಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು, ನಿಮಗೆ ಗೊತ್ತಿರುವುದೇ. 1960ರಲ್ಲಿ ಸ್ವಾತಂತ್ರ್ಯ ಬಂತು. ಉತ್ತರದಲ್ಲಿ ಹೌಸಾ-ಫುಲಾನಿ, ಪಶ್ಚಿಮದಲ್ಲಿ ಯೊರುಬಾ, ಪೂರ್ವದಲ್ಲಿ ಇಗ್ಬೊ ಜಾಸ್ತಿ. 1966ರ ಜನವರಿ 15ರಂದು (ಹೌದು, ಅದೇ ತಾರೀಕು) ಕೆಲವು ಯುವ ಮೇಜರ್‌ಗಳು ದಂಗೆ ಎದ್ದರು. ಅವರಲ್ಲಿ ಹೆಚ್ಚಿನವರು ಇಗ್ಬೊ. ಪ್ರಧಾನಿ ತಫಾವಾ ಬಲೇವಾ, ಉತ್ತರದ ನಾಯಕ ಅಹ್ಮದು ಬೆಲ್ಲೊ, ಪಶ್ಚಿಮದ ಅಕಿಂಟೋಲಾ ಸತ್ತರು. ಆಮೇಲೆ ಅಧಿಕಾರ ಹಿಡಿದ ಸೇನಾಧಿಕಾರಿ ಇರೊನ್ಸಿಯೂ ಇಗ್ಬೊ. ಉತ್ತರದವರಿಗೆ ಇದೆಲ್ಲ ಒಂದು ಸಮುದಾಯದ ಸಂಚಿನಂತೆ ಕಂಡಿತು. ಜುಲೈನಲ್ಲಿ ಪ್ರತಿದಂಗೆ ನಡೆದು ಇರೊನ್ಸಿ ಕೊಲೆಯಾದರು, ಸೇನಾಧಿಕಾರಿ ಗೋವೊನ್ ಅಧಿಕಾರಕ್ಕೆ ಬಂದರು. ಆ ವರ್ಷ ಉತ್ತರದ ಊರುಗಳಲ್ಲಿ ಇಗ್ಬೊ ಜನರನ್ನು ಹುಡುಕಿ ಹುಡುಕಿ ಕೊಂದರು. ರೈಲ್ವೆಯಲ್ಲಿ, ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದವರು, ಅಂಗಡಿ ಇಟ್ಟವರು, ಎಲ್ಲರೂ. ಸತ್ತವರು ಸಾವಿರ ಸಾವಿರ. ಹತ್ತು ಲಕ್ಷಕ್ಕೂ ಹೆಚ್ಚು ಜನ ಪೂರ್ವಕ್ಕೆ ಓಡಿ ಬಂದರು. ಮಾರನೇ ವರ್ಷ ಜನವರಿಯಲ್ಲಿ ಘಾನಾದ ಅಬುರಿಯಲ್ಲಿ ಗೋವೊನ್ ಮತ್ತು ಪೂರ್ವದ ಸೇನಾ ಗವರ್ನರ್ ಓಜುಕ್ವು ನಡುವೆ ರಾಜಿ ಮಾತು ನಡೆಯಿತು. ಇಬ್ಬರೂ ಒಪ್ಪಿ ಎದ್ದರು, ಊರಿಗೆ ಬಂದ ಮೇಲೆ ಒಪ್ಪಿದ್ದು ಏನು ಅನ್ನುವುದರಲ್ಲೇ ಜಗಳ. 1967ರ ಮೇ 30ರಂದು ಓಜುಕ್ವು ಪೂರ್ವವನ್ನು ಬಯಾಫ್ರಾ ಎಂಬ ಬೇರೆ ದೇಶ ಎಂದು ಘೋಷಿಸಿದರು. ಜುಲೈ 6ಕ್ಕೆ ಯುದ್ಧ ಶುರು. 30 ತಿಂಗಳು ನಡೆಯಿತು.

ಸತ್ತವರು ಎಷ್ಟು? ಕಡಿಮೆ ಅಂದರೆ 5 ಲಕ್ಷ ಎನ್ನುವವರಿದ್ದಾರೆ, 30 ಲಕ್ಷ ಎನ್ನುವವರೂ ಇದ್ದಾರೆ. ನಾನು ಲೆಕ್ಕ ಬರೆಯುವ ಕಸುಬಿನವನು. ಈ ಎರಡು ಅಂಕಿಗಳ ನಡುವೆ 25 ಲಕ್ಷ ಜನರ ವ್ಯತ್ಯಾಸ ಇದೆ. ಇಷ್ಟು ದೊಡ್ಡ ವ್ಯತ್ಯಾಸ ಉಳಿದಿದೆ ಅಂದರೆ ಲೆಕ್ಕ ತಪ್ಪಿದೆ ಅಂತಲ್ಲ, ಯಾರೂ ಕೂತು ಲೆಕ್ಕ ಹಾಕಲೇ ಇಲ್ಲ ಅಂತ.

ಹೆಚ್ಚಿನವರು ಸತ್ತದ್ದು ಹಸಿವಿನಿಂದ. ಸಮುದ್ರದ ದಾರಿ, ರಸ್ತೆ, ಎಲ್ಲವನ್ನೂ ಫೆಡರಲ್ ಸರ್ಕಾರ, ಅಂದರೆ ನೈಜೀರಿಯಾದ ಕೇಂದ್ರ ಸರ್ಕಾರ, ಮುಚ್ಚಿತ್ತು. 1968ರ ಮೇನಲ್ಲಿ ಪೋರ್ಟ್ ಹಾರ್ಕೋರ್ಟ್ ಕೈತಪ್ಪಿದ ಮೇಲೆ ಬಯಾಫ್ರಾಕ್ಕೆ ಕಡಲೇ ಇಲ್ಲದಂತಾಯಿತು. ಉಲಿ ಎಂಬಲ್ಲಿ ರಸ್ತೆಯನ್ನೇ ಅಗಲ ಮಾಡಿ ರನ್‌ವೇ ಮಾಡಿಕೊಂಡಿದ್ದರು. ಚರ್ಚ್ ಸಂಸ್ಥೆಗಳ ವಿಮಾನಗಳು ರಾತ್ರಿ ದೀಪ ಆರಿಸಿ ಬಂದು ಇಳಿಯುತ್ತಿದ್ದವು. ಒಣಮೀನು, ಹಾಲಿನ ಪುಡಿ, ಉಪ್ಪು. ಹೆಂಗಸರು ಪ್ರಾಣ ಕೈಯಲ್ಲಿ ಹಿಡಿದು ಶತ್ರು ಸೇನೆಯ ಗಡಿ ದಾಟಿ ಉಪ್ಪು ತರುತ್ತಿದ್ದರು. ಆ ವ್ಯಾಪಾರಕ್ಕೆ ಅವರು ಇಟ್ಟ ಹೆಸರು 'ಅಫಿಯಾ ಅಟ್ಯಾಕ್'. ಸರಿಯಾದ ಊಟವಿಲ್ಲದೆ ಮಕ್ಕಳ ಹೊಟ್ಟೆ ಊದುವ ಕ್ವಾಷಿಯೋರ್ಕರ್ ಎಂಬ ಕಾಯಿಲೆಯ ಹೆಸರು ಜಗತ್ತಿಗೆಲ್ಲ ಗೊತ್ತಾಗಿದ್ದು ಆಗ ಬಂದ ಮಕ್ಕಳ ಫೋಟೋಗಳಿಂದ. ಹಸಿವೂ ಯುದ್ಧದ ಅಸ್ತ್ರವೇ ಎಂದು ಫೆಡರಲ್ ಸರ್ಕಾರದ ದೊಡ್ಡವರು ಆಗ ಬಾಯಿಬಿಟ್ಟೇ ಸಮರ್ಥಿಸಿಕೊಂಡರು. ಇತ್ತ ಓಜುಕ್ವು ಕೂಡ ಕಡಿಮೆಯವರಲ್ಲ. ರಸ್ತೆ ಮೂಲಕ ಅನ್ನ ತರುವ ಪ್ರಸ್ತಾಪ ಬಂದಾಗ, ಅದರಲ್ಲಿ ವಿಷ ಬೆರೆಸುತ್ತಾರೆ, ಆ ದಾರಿಯಲ್ಲೇ ಸೈನ್ಯ ಬರುತ್ತದೆ ಎಂದು ಬೇಡ ಎಂದರು. ಇಬ್ಬರ ಹಟದ ನಡುವೆ ಮಕ್ಕಳ ಹೊಟ್ಟೆ ಊದಿಕೊಂಡಿತು.

ಅಸಾಬಾ ವಿಷಯ ನಾನು ಬಿಡುವ ಹಾಗಿಲ್ಲ. ಅಸಾಬಾ ಬಯಾಫ್ರಾದ ಊರಲ್ಲ. ನೈಜರ್ ನದಿಯ ಪಶ್ಚಿಮ ದಂಡೆಯಲ್ಲಿದೆ, ಆದರೆ ಇಗ್ಬೊ ಮಾತಾಡುವ ಜನ. ಬಯಾಫ್ರಾ ಸೈನ್ಯ ನದಿ ದಾಟಿ ಬಂದು, ಹಿಂದೆ ಸರಿದು, ಸೇತುವೆ ಮುರಿದು ಹೋಗಿತ್ತು. ಆಮೇಲೆ ಫೆಡರಲ್ ಸೈನ್ಯ ಊರಿಗೆ ಬಂತು. ಮನೆ ಮನೆ ಲೂಟಿ, ಕೊಲೆ. ಊರಿನ ಹಿರಿಯರು ಕೂತು ಯೋಚಿಸಿದರು. ನಾವು ನೈಜೀರಿಯಾದ ಕಡೆಯವರೇ ಎಂದು ತೋರಿಸಿದರೆ ಬಿಡುತ್ತಾರೆ ಅಂತ. 1967ರ ಅಕ್ಟೋಬರ್ 7ರಂದು ಊರಿನವರೆಲ್ಲ ಹಬ್ಬಕ್ಕೆ ಉಡುವ ಬಿಳಿ ಬಟ್ಟೆ 'ಅಕ್ವಾ ಓಚಾ' ಉಟ್ಟು, 'ಒನ್ ನೈಜೀರಿಯಾ' ಎಂದು ಕೂಗುತ್ತಾ, ಕುಣಿಯುತ್ತಾ ಮುಖ್ಯ ಬೀದಿಗೆ ಬಂದರು. ಸೈನಿಕರು ಹೆಂಗಸರನ್ನೂ ಚಿಕ್ಕ ಮಕ್ಕಳನ್ನೂ ಬೇರೆ ಮಾಡಿದರು. ಗಂಡಸರನ್ನೂ ಬೆಳೆದ ಹುಡುಗರನ್ನೂ ಓಗ್ಬೆ-ಒಸೊವಾ ಎಂಬ ಕೇರಿಗೆ ಕರೆದುಕೊಂಡು ಹೋಗಿ ಮೆಷಿನ್ ಗನ್ ಹಚ್ಚಿದರು. ಆ ದಿನಗಳಲ್ಲಿ ಅಸಾಬಾದಲ್ಲಿ ಸತ್ತವರು 500ರಿಂದ 1,000 ಎಂದು ಅಂದಾಜು. ದೇಶ ಒಂದಾಗಿರಲಿ ಎಂದು ಕೂಗಿದವರನ್ನೇ ಕೊಂದರು ನೋಡಿ.

ಆ ಸೈನ್ಯದ ಡಿವಿಷನ್‌ನ ಕಮಾಂಡರ್ ಮುರ್ತಾಲಾ ಮುಹಮ್ಮದ್. ಮುಂದೆ ಅವರು ದೇಶದ ಮುಖ್ಯಸ್ಥರೂ ಆದರು. ಲಾಗೋಸ್ ವಿಮಾನ ನಿಲ್ದಾಣಕ್ಕೆ ಇರುವುದು ಅವರ ಹೆಸರೇ. 20 ನೈರಾ ನೋಟಿನ ಮೇಲಿರುವುದು ಅವರ ಮುಖವೇ. ಅಸಾಬಾದಲ್ಲಿ ಆದೇಶ ಕೊಟ್ಟದ್ದು ಯಾರು ಎಂದು ಸರಿಯಾದ ವಿಚಾರಣೆ ನಡೆಯಲೇ ಇಲ್ಲ, ಆದ್ದರಿಂದ ನಾನು ತೀರ್ಪು ಕೊಡುವುದಿಲ್ಲ. ಆದರೆ ಅಪ್ಪನನ್ನು ಆ ಬೀದಿಯಲ್ಲಿ ಕಳೆದುಕೊಂಡವನು ವಿದೇಶದಿಂದ ಬಂದು ಲಾಗೋಸ್‌ನಲ್ಲಿ ಇಳಿದರೆ ಮೊದಲು ಓದುವ ಬೋರ್ಡ್ ಅದೇ. ಗೋವೊನ್ 2002ರಲ್ಲಿ ಅಸಾಬಾಕ್ಕೆ ಹೋಗಿ ಕ್ಷಮೆ ಕೇಳಿದರು. ದೊಡ್ಡತನ, ಒಪ್ಪುತ್ತೇನೆ. ಆಗ ಅವರು ಅಧಿಕಾರ ಬಿಟ್ಟು ಎಷ್ಟೋ ಕಾಲ ಆಗಿತ್ತು. ವ್ಯಕ್ತಿಯೊಬ್ಬ ಕ್ಷಮೆ ಕೇಳುವುದು ಬೇರೆ, ದೇಶ ಕೇಳುವುದು ಬೇರೆ ಅಲ್ವಾ?

ಯುದ್ಧ ಮುಗಿದ ದಿನ ಗೋವೊನ್ ಹೇಳಿದ ಮಾತು ಚೆನ್ನಾಗಿತ್ತು. ಗೆದ್ದವರಿಲ್ಲ, ಸೋತವರಿಲ್ಲ. ಹಗೆ ತೀರಿಸಿಕೊಳ್ಳಲು ಸಾಮೂಹಿಕ ಗಲ್ಲು ಹಾಕಲಿಲ್ಲ, ಅದನ್ನೂ ಹೇಳಬೇಕು. ಎಷ್ಟೋ ದೇಶಗಳಲ್ಲಿ ಅದೇ ಆಗುತ್ತದೆ. ಆದರೆ ಬ್ಯಾಂಕಿನಲ್ಲಿ ಬೇರೆ ಕಥೆ ನಡೆಯಿತು. ಯುದ್ಧಕ್ಕೆ ಮೊದಲು ಖಾತೆಯಲ್ಲಿ ಎಷ್ಟೇ ಇರಲಿ, ಯುದ್ಧದ ಕಾಲದಲ್ಲಿ ಆ ಖಾತೆಯನ್ನು ಮುಟ್ಟಿದ್ದರೆ ಕೈಗೆ ಸಿಕ್ಕಿದ್ದು 20 ಪೌಂಡ್. ಆಗ ಹಣಕಾಸು ನೋಡುತ್ತಿದ್ದವರು ನಿಮ್ಮ ಯೊರುಬಾ ಜನ ಇವತ್ತಿಗೂ ಪೂಜಿಸುವ ಅವೊಲೋವೊ. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಇಗ್ಬೊ ಜನ ಬಿಟ್ಟು ಓಡಿದ ಮನೆಗಳಿಗೆ 'ಅಬಂಡನ್ಡ್ ಪ್ರಾಪರ್ಟಿ' ಎಂದು ಹೆಸರಿಟ್ಟು ಬೇರೆಯವರಿಗೆ ಕೊಟ್ಟರು. 1972ರಲ್ಲಿ ವಿದೇಶಿ ಕಂಪನಿಗಳ ಪಾಲನ್ನು ನೈಜೀರಿಯಾದವರಿಗೆ ಮಾರಿಸುವ ಕಾನೂನು ಬಂತು. 20 ಪೌಂಡ್ ಇಟ್ಟುಕೊಂಡವರು ಯಾವ ಪಾಲು ಕೊಳ್ಳಬೇಕಿತ್ತು?

ಲಾಗೋಸ್‌ನ ಅಲಾಬಾ ಮಾರುಕಟ್ಟೆಯಲ್ಲಿ ಟಿವಿ, ಜನರೇಟರ್ ಮಾರುವ ಒಬ್ಬ ಇಗ್ಬೊ ಡೀಲರ್ ನಮ್ಮ ಕಂಪನಿಯ ಹಳೇ ಗಿರಾಕಿ. ವಯಸ್ಸಾದವರು. ಬಾಕಿ ತಾಳೆ ನೋಡಲು ಅವರ ಅಂಗಡಿಗೆ ಹೋಗುತ್ತಿದ್ದೆ. ಒಂದು ಸಲ ಕಸ್ಟಮ್ಸ್ ಕಾಗದಗಳ ಫೈಲು ಕೊಟ್ಟಾಗ ಅದರೊಳಗೆ ಒಂದು ಹಳೇ ಪಾಸ್‌ಬುಕ್ ಇತ್ತು. ಅಂಚು ಗೆದ್ದಲು ತಿಂದಿತ್ತು. ಕೊನೇ ಎಂಟ್ರಿ 1967ರದ್ದು. ಅವರ ತಂದೆಯದಂತೆ. ನಾನು ನೋಡುವುದನ್ನು ನೋಡಿ ನಕ್ಕು, "ನೀನು ಅಕೌಂಟೆಂಟ್ ಅಲ್ವಾ, ಇದಕ್ಕೆ ಬಡ್ಡಿ ಹಾಕಿ ಕೊಡು" ಎಂದರು. ನಾನು ನಿಜವಾಗಿಯೂ ಕ್ಯಾಲ್ಕುಲೇಟರ್ ತೆಗೆದೆ. 1973ರಲ್ಲಿ ಪೌಂಡ್ ಹೋಗಿ ನೈರಾ ಬಂತು, ಒಂದಕ್ಕೆ ಎರಡು. ಆಮೇಲೆ ನೈರಾ ಬಿದ್ದ ಕಥೆ. ಯಾವ ವರ್ಷದ ಬಡ್ಡಿ ದರ ಹಿಡಿಯೋಣ ಎಂದು ಕೇಳುವಷ್ಟರಲ್ಲಿ ಅವರು ಫೈಲು ವಾಪಸ್ ತೆಗೆದುಕೊಂಡು, ಸುಮ್ನೆ ಇನ್‌ವಾಯ್ಸ್ ನೋಡು ಎಂದರು. ಯುದ್ಧದ ಬಗ್ಗೆ ಅದಕ್ಕಿಂತ ಜಾಸ್ತಿ ಅವರು ಯಾವತ್ತೂ ಮಾತಾಡಲಿಲ್ಲ. ಅದೇ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಮಾತ್ರ ಫೋನಿನಲ್ಲಿ, ಬಯಾಫ್ರಾ ಮತ್ತೆ ಬೇಕೆನ್ನುವವರ ರೇಡಿಯೋ ಬಯಾಫ್ರಾ ಕೇಳುತ್ತಾ ಪೆಟ್ಟಿಗೆ ಜೋಡಿಸುತ್ತಿದ್ದ.

ಈ ಹುಡುಗರ ಪದ್ಧತಿ ಬಗ್ಗೆ ಒಂದು ಮಾತು. ಯುದ್ಧ ಮುಗಿದಾಗ ಇಗ್ಬೊ ಜನರ ಹತ್ತಿರ ಬಂಡವಾಳ ಇರಲಿಲ್ಲ, ಹುಡುಗರಿದ್ದರು. ಊರಿನ ಹುಡುಗ ಒಬ್ಬ ವ್ಯಾಪಾರಿಯ ಹತ್ತಿರ ಐದಾರು ವರ್ಷ ಸಂಬಳವಿಲ್ಲದೆ ದುಡಿಯುತ್ತಾನೆ. ಊಟ, ವಸತಿ ಒಡೆಯನದು. ಅವಧಿ ಮುಗಿದ ಮೇಲೆ ಒಡೆಯ ಅವನನ್ನು 'ಸೆಟಲ್' ಮಾಡಬೇಕು, ಅಂದರೆ ಅಂಗಡಿ ಇಡಲು ಕೈಗೆ ದುಡ್ಡು ಇಲ್ಲವೇ ಸರಕು ಕೊಡಬೇಕು. ಅವನು ಮುಂದೆ ಇನ್ನಿಬ್ಬರು ಹುಡುಗರನ್ನು ಕರೆತರುತ್ತಾನೆ. ಒನಿತ್ಶಾ, ಅಬಾ, ನ್ನೆವಿ, ಅಲಾಬಾ ಮಾರುಕಟ್ಟೆಗಳೆಲ್ಲ ಹೀಗೇ ಎದ್ದು ನಿಂತವು. ಒಡೆಯ ಕೊನೇ ವರ್ಷ ಕಳ್ಳತನದ ಆರೋಪ ಹೊರಿಸಿ ಬರಿಗೈಯಲ್ಲಿ ಓಡಿಸುವುದೂ ಉಂಟು. ಆದರೂ ಸರ್ಕಾರ ಕೊಡದ್ದನ್ನು ತಾವೇ ಮಾಡಿಕೊಂಡ ಜನ.

ಹಾಗಾದರೆ ಇನ್ನೂ ಯಾಕೆ ಬಯಾಫ್ರಾ? ಅಬುಜಾದಲ್ಲಿ ನಿಮ್ಮ ಸುತ್ತ ಇರುವವರು ಕೇಳುವ ಪ್ರಶ್ನೆ ಇದು. ದುಡ್ಡು ಮಾಡಿಕೊಂಡಿದ್ದಾರೆ, ಲಾಗೋಸ್‌ನಲ್ಲಿ ಮನೆ ಕಟ್ಟಿದ್ದಾರೆ, ಇನ್ನೇನು ಬೇಕು? ಲೆಕ್ಕ ನೋಡಿ. ಬೇರೆ ಪ್ರತಿ ವಲಯಕ್ಕೂ ಆರು ರಾಜ್ಯ, ವಾಯವ್ಯಕ್ಕೆ ಏಳು. ಇಗ್ಬೊ ಜನರ ಆಗ್ನೇಯಕ್ಕೆ ಮಾತ್ರ ಐದು. ಸೆನೆಟ್ ಸೀಟು, ಕೇಂದ್ರದ ಹಣ, ಎಲ್ಲಕ್ಕೂ ಅದೇ ಲೆಕ್ಕ. ಯುದ್ಧ ಮುಗಿದ ಮೇಲೆ ಇಗ್ಬೊ ಒಬ್ಬರು ಸೇನಾ ಮುಖ್ಯಸ್ಥ ಆಗಲು 2010 ಬರಬೇಕಾಯಿತು. 2023ರ ಅಧ್ಯಕ್ಷ ಚುನಾವಣೆಯಲ್ಲಿ ನಿಮ್ಮದೇ ಲಾಗೋಸ್‌ನಲ್ಲಿ ಇಗ್ಬೊ ಅಭ್ಯರ್ಥಿ ಪೀಟರ್ ಓಬಿಗೆ ನಿಮಗಿಂತ ಜಾಸ್ತಿ ಮತ ಬಿತ್ತು. ಮುಂದಿನ ತಿಂಗಳು ಗವರ್ನರ್ ಚುನಾವಣೆಯಲ್ಲಿ ಇಗ್ಬೊ ಮುಖ ಕಂಡರೆ ಬೂತ್‌ನಿಂದ ಅಟ್ಟಿದರು. ಅದರ ಬಗ್ಗೆ ನೀವು ಗಟ್ಟಿ ದನಿಯಲ್ಲಿ ಮಾತಾಡಬೇಕಿತ್ತು.

ಪ್ರತಿಭಟಿಸಿದಾಗ ಏನಾಯಿತು ಎಂಬುದೂ ದಾಖಲೆಯಲ್ಲಿದೆ. 2015ರ ಆಗಸ್ಟ್‌ನಿಂದ ಒಂದು ವರ್ಷದಲ್ಲಿ ಬಯಾಫ್ರಾ ಪರ ಸಭೆ, ಮೆರವಣಿಗೆಗಳಲ್ಲಿ ಸೇನೆ ಮತ್ತು ಪೊಲೀಸರು ಕನಿಷ್ಠ 150 ಜನರನ್ನು ಕೊಂದರು ಎಂದು ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಹೇಳಿತು. ಅವರಲ್ಲಿ ಕನಿಷ್ಠ 60 ಜನ ಸತ್ತದ್ದು 2016ರ ಮೇ 30ರ ಸುಮಾರಿಗೆ, ಒನಿತ್ಶಾದಲ್ಲಿ. ಯುದ್ಧದಲ್ಲಿ ಸತ್ತವರನ್ನು ನೆನೆಯಲು ಬಂದಿದ್ದವರು. ಸರ್ಕಾರ ಮಾಡದ ಸ್ಮರಣೆಯನ್ನು ತಾವೇ ಮಾಡಿಕೊಳ್ಳಲು ಹೋದವರಿಗೆ ಸಿಕ್ಕಿದ್ದು ಇದು.

ಇದರಲ್ಲಿ ನಮ್ಮ ಬೆಂಗಳೂರೂ ಒಂದು ಸಣ್ಣ ಪಾತ್ರ ಮಾಡಿದೆ. 2021ರ ಜೂನ್‌ನಲ್ಲಿ, ಆ ಯುದ್ಧದಲ್ಲಿ ಹೋರಾಡಿದ್ದ ಅಂದಿನ ಅಧ್ಯಕ್ಷ ಬುಹಾರಿ, ಗಲಾಟೆ ಮಾಡುತ್ತಿರುವವರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಉತ್ತರಿಸುತ್ತೇವೆ ಎಂದು ಟ್ವೀಟ್ ಮಾಡಿದರು, 30 ತಿಂಗಳ ಯುದ್ಧವನ್ನೂ ನೆನಪಿಸಿದರು. ಟ್ವಿಟರ್ ಅದನ್ನು ಅಳಿಸಿತು. ಸರ್ಕಾರ ಟ್ವಿಟರನ್ನೇ ದೇಶದಲ್ಲಿ ನಿಲ್ಲಿಸಿತು, 2022ರ ಜನವರಿವರೆಗೆ. ಆ ಹೊತ್ತಿಗೆ ನಿಮ್ಮ ಸರ್ಕಾರ ಖಾತೆ ತೆರೆದದ್ದು ಬೆಂಗಳೂರಿನ 'ಕೂ' ಆ್ಯಪ್‌ನಲ್ಲಿ. ನಮ್ಮೂರ ಆ್ಯಪ್ ಆಫ್ರಿಕಾಕ್ಕೆ ಹೋಯಿತು ಎಂದು ಇಲ್ಲಿ ಸಂಭ್ರಮವೋ ಸಂಭ್ರಮ. ಅಳಿಸಿದ ಟ್ವೀಟ್‌ನಲ್ಲಿ ಏನಿತ್ತು ಎಂದು ಕೇಳಿದವರು ಕಡಿಮೆ. ಆ್ಯಪ್ 2024ರಲ್ಲಿ ಮುಚ್ಚಿಹೋಯಿತು.

ಇನ್ನು ಬಯಾಫ್ರಾ ಬೇಕೆನ್ನುವ ಸಂಘಟನೆಯ ನಾಯಕ ನ್ನಾಮ್ದಿ ಕಾನು. ಲಂಡನ್‌ನಿಂದ ರೇಡಿಯೋದಲ್ಲಿ ಬೆಂಕಿ ಉಗುಳುತ್ತಿದ್ದ ಮನುಷ್ಯ. ಅವರ ಮಾತು ನನಗೆ ಸೇರುವುದಿಲ್ಲ. ಬೇರೆ ಜನಾಂಗಗಳ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲೂ ನಾಚಿಕೆ. ಆದರೆ 2021ರಲ್ಲಿ ಅವರನ್ನು ಕೀನ್ಯಾದಿಂದ ಕೋರ್ಟು ಕಚೇರಿ ಏನೂ ಇಲ್ಲದೆ ಎತ್ತಿಕೊಂಡು ಬಂದರು. 2022ರಲ್ಲಿ ಮೇಲ್ಮನವಿ ಕೋರ್ಟ್ ಬಿಡಿ ಎಂದಿತು, ಬಿಡಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆ ಮುಂದುವರಿಸಿ ಎಂದಿತು. 2025ರ ನವೆಂಬರ್‌ನಲ್ಲಿ ಜೀವಾವಧಿ ಶಿಕ್ಷೆ ಆಯಿತು. ಕಾನೂನು ಮುರಿದು ತಂದವನನ್ನು ಕಾನೂನಿನ ಹೆಸರಲ್ಲಿ ಒಳಗೆ ಹಾಕಿದರೆ ಅವನ ಅನುಯಾಯಿಗಳಿಗೆ ಅವನೇ ದೇವರು.

ಹಾಗೆಂದು ಬಯಾಫ್ರಾ ಹೆಸರಲ್ಲಿ ನಡೆಯುತ್ತಿರುವುದನ್ನು ಮುಚ್ಚಿಡುವುದು ಮೋಸ. 2021ರ ಆಗಸ್ಟ್‌ನಿಂದ ಆಗ್ನೇಯದಲ್ಲಿ ಸೋಮವಾರ ಬಂತೆಂದರೆ 'ಸಿಟ್ ಅಟ್ ಹೋಮ್'. ಕಾನು ಬಿಡುಗಡೆ ಆಗುವವರೆಗೆ ಮನೆ ಬಿಟ್ಟು ಹೊರಗೆ ಬರಬಾರದು. ಕರೆ ಕೊಟ್ಟ ಕಾನು ಸಂಘಟನೆಯೇ ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡಿತು. ಬಂದೂಕು ಹಿಡಿದವರು ತೆಗೆದುಕೊಳ್ಳಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನ ಒಂದು ಸೋಮವಾರ ಇಮೋ ರಾಜ್ಯದ ಶಾಲೆಯಲ್ಲಿ ಮಕ್ಕಳು ಇಂಗ್ಲಿಷ್ ಪಬ್ಲಿಕ್ ಪರೀಕ್ಷೆ ಬರೆಯುತ್ತಿದ್ದರು. ಬಂದೂಕುಧಾರಿಗಳು ನುಗ್ಗಿ ಓಡಿಸಿದರು, ಮೋಟರ್ ಸೈಕಲ್‌ಗಳಿಗೆ ಬೆಂಕಿ ಇಟ್ಟರು. ನಾಲ್ಕು ವರ್ಷದಲ್ಲಿ ಈ ಹಿಂಸೆಗೆ 700ಕ್ಕೂ ಹೆಚ್ಚು ಜನ ಬಲಿಯಾದರು ಎಂದು ಲಾಗೋಸ್‌ನ ಒಂದು ಸಂಶೋಧನಾ ಸಂಸ್ಥೆ 2025ರಲ್ಲಿ ಲೆಕ್ಕ ಕೊಟ್ಟಿತು. ಸತ್ತವರು ಬಹುಪಾಲು ಇಗ್ಬೊ ಜನರೇ. ಸೋಮವಾರ ಅಬಾದಲ್ಲಿ ಅಂಗಡಿ ಮುಚ್ಚಿದರೆ ಅಬುಜಾಕ್ಕೆ ಏನು ನಷ್ಟ? ದಿನದ ಸಂಪಾದನೆಯಲ್ಲಿ ಬದುಕುವವಳು ಮನೆಯಲ್ಲಿ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕೂರುತ್ತಾಳೆ. ಫಿನ್ಲೆಂಡ್‌ನಲ್ಲಿ ಬೆಚ್ಚಗೆ ಕೂತು ಈ ಬಂದ್‌ಗೆ ಹುಕುಂ ಕೊಡುತ್ತಿದ್ದ ಸೈಮನ್ ಎಕ್ಪಾಗೆ ಅಲ್ಲಿನ ಕೋರ್ಟ್ 2025ರಲ್ಲಿ ಆರು ವರ್ಷ ಜೈಲು ಕೊಟ್ಟಿತು. ಒಳ್ಳೆಯದಾಯಿತು.

ಬೇರೆ ದೇಶ ಬೇಕು ಎನ್ನುವ ಗೆಳೆಯರಿಗೂ ಒಂದು ಮಾತು ಕೇಳಬೇಕಿದೆ. ನಿಮ್ಮ ನಕ್ಷೆಯಲ್ಲಿ ಪೋರ್ಟ್ ಹಾರ್ಕೋರ್ಟ್ ಇದೆ, ಕಲಬಾರ್ ಇದೆ, ಎಣ್ಣೆ ಬಾವಿಗಳಿವೆ. ಅಲ್ಲಿನ ಇಜಾ, ಇಬಿಬಿಯೊ, ಎಫಿಕ್, ಓಗೋನಿ ಜನರನ್ನು ಕೇಳಿದ್ದೀರಾ? ಅಂದು ಬಯಾಫ್ರಾದೊಳಗೆ ಆ ಸಮುದಾಯಗಳ ಮೇಲೆ 'ಸಾಬೋ' ಎಂಬ ಅನುಮಾನ ಬಿದ್ದರೆ, ಅಂದರೆ ದ್ರೋಹಿ ಎಂದು, ಮುಗಿಯಿತು. ಹೊಡೆದರು, ಒಳಗೆ ಹಾಕಿದರು, ಕೊಂದರು. ಓಗೋನಿ ಲೇಖಕ ಕೆನ್ ಸಾರೋ-ವೀವಾ ಯುದ್ಧದಲ್ಲಿ ಫೆಡರಲ್ ಕಡೆ ನಿಂತದ್ದು ಸುಮ್ನೆ ಅಲ್ಲ. ಅಂಥವರನ್ನೂ ನೆನೆಯದ ಮೇ 30 ನನಗೆ ಅರ್ಧ ಸ್ಮರಣೆ ಅನಿಸುತ್ತದೆ. ಅದಕ್ಕೇ ಈ ಕೆಲಸ ಸಂಘಟನೆಗಳದ್ದಲ್ಲ, ದೇಶದ್ದು. ಜನವರಿ 15ರಲ್ಲಿ ಎಲ್ಲರಿಗೂ ಜಾಗ ಇದೆ: ಉತ್ತರದಲ್ಲಿ ಸತ್ತ ಇಗ್ಬೊ, ಬಯಾಫ್ರಾದಲ್ಲಿ ಸತ್ತ ಇಬಿಬಿಯೊ, 1966ರ ಜನವರಿಯಲ್ಲಿ ಸತ್ತ ಉತ್ತರದ ನಾಯಕರು ಕೂಡ.

ನಮ್ಮ ಕಡೆ ಸತ್ತ ತಿಥಿ ಗೊತ್ತಿಲ್ಲದ ಹಿರಿಯರಿಗೆ ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುತ್ತಾರೆ. ಹೆಸರು ಮರೆತಿದ್ದರೂ ಇಡುತ್ತಾರೆ. ಉಮುವಾಹಿಯಾದಲ್ಲಿ 1985ರಿಂದ ಯುದ್ಧದ ಮ್ಯೂಸಿಯಂ ಇದೆ. ಅಲ್ಲಿ ಮುಖ್ಯವಾಗಿ ಟ್ಯಾಂಕು, ವಿಮಾನ, ಬಯಾಫ್ರಾದವರು ಮಾಡಿದ ಓಗ್ಬುನಿಗ್ವೆ ಬಾಂಬು. ಬಯಾಫ್ರಾದ ನಾಯಕ ಓಜುಕ್ವುಗೆ 1982ರಲ್ಲಿ ಕ್ಷಮೆ ಸಿಕ್ಕಿತು, 2012ರಲ್ಲಿ ಸೇನಾ ಗೌರವದ ಅಂತ್ಯಕ್ರಿಯೆಯೂ ಆಯಿತು. ಅವರನ್ನು ನಂಬಿ ಹಸಿದು ಸತ್ತ ಮಕ್ಕಳಿಗೆ ದೇಶದ ಕಡೆಯಿಂದ ಏನಿದೆ?

ಇದು ನಿಮ್ಮಿಂದ ಆಗದ ಕೆಲಸ ಅಲ್ಲ. ತಾರೀಕಿನ ಬೆಲೆ ನಿಮಗೆ ಗೊತ್ತು. 1993ರ ಜೂನ್ 12ರ ಚುನಾವಣೆಯನ್ನು ಸೈನ್ಯ ರದ್ದು ಮಾಡಿತು, ಗೆದ್ದ ಯೊರುಬಾ ನಾಯಕ ಅಬಿಯೋಲಾ 1998ರಲ್ಲಿ ಬಂಧನದಲ್ಲೇ ಸತ್ತರು. ನೀವು ಆ ಹೋರಾಟದಲ್ಲಿ ದೇಶ ಬಿಟ್ಟು ಓಡಬೇಕಾಯಿತು. ಆ ತಾರೀಕನ್ನು ಮರೆತುಬಿಡಿ, ಹಳೇ ಗಾಯ ಕೆದಕಬೇಡಿ ಎಂದು ಆಗಲೂ ಹೇಳಿದರು. ಯೊರುಬಾ ಜನ ಬಿಡಲಿಲ್ಲ. 2018ರಲ್ಲಿ ಅದನ್ನೇ ಪ್ರಜಾಪ್ರಭುತ್ವ ದಿನ ಎಂದು ಘೋಷಿಸಿದರು. ದೇಶ ಒಡೆಯಿತಾ? 2025ರ ಜೂನ್ 12ರಂದು ನೀವೇ ಕೆನ್ ಸಾರೋ-ವೀವಾ ಮತ್ತು ಅವರ ಜೊತೆ ಗಲ್ಲಿಗೇರಿದ ಎಂಟು ಜನರಿಗೆ ಗೌರವ ಕೊಟ್ಟಿರಿ, ಕ್ಷಮಾದಾನವನ್ನೂ ಕೊಟ್ಟಿರಿ. ತಪ್ಪೇ ಮಾಡದವರಿಗೆ ಕ್ಷಮೆ ಯಾಕೆ ಎಂದು ಕೇಳಿದವರಿದ್ದರು, ನ್ಯಾಯವೇ. ಆದರೂ 30 ವರ್ಷದ ಹಿಂದಿನ ಸಾವಿನ ಬಗ್ಗೆ ಅಧ್ಯಕ್ಷರು ಬಾಯಿ ತೆರೆಯಬಹುದು ಎಂದು ತೋರಿಸಿದಿರಿ.

ಜನವರಿ 15ರ ಜೊತೆಗೆ ಇನ್ನೆರಡು ಚಿಕ್ಕ ಕೆಲಸ ಇವೆ. ಅಧ್ಯಕ್ಷ ಓಬಸಾಂಜೊ ಕಾಲದಲ್ಲಿ, ಮಾನವ ಹಕ್ಕು ಉಲ್ಲಂಘನೆ ವಿಚಾರಿಸಲು ನೇಮಿಸಿದ ನ್ಯಾಯಮೂರ್ತಿ ಒಪುಟಾ ಆಯೋಗ ಊರೂರಿಗೆ ಹೋಗಿ ಜನರ ಮಾತು ಕೇಳಿತು. ಇಗ್ಬೊ ಸಂಘಟನೆಯೂ ದೂರು ಕೊಟ್ಟಿತ್ತು. 2002ರಲ್ಲಿ ಬಂದ ಆ ವರದಿಯನ್ನು ಸರ್ಕಾರ ಅಧಿಕೃತವಾಗಿ ಹೊರಗೆ ತರಲೇ ಇಲ್ಲ. ತನ್ನಿ. ಇನ್ನೊಂದು, ಶಾಲೆ. ಕೆಲವು ವರ್ಷ ನಿಮ್ಮಲ್ಲಿ ಕೆಳಗಿನ ತರಗತಿಗಳಿಂದ ಇತಿಹಾಸ ಪಾಠವನ್ನೇ ತೆಗೆದುಹಾಕಿದ್ದರು, ಆಮೇಲೆ ವಾಪಸ್ ತಂದರು. ಅದರಲ್ಲಿ ಅಸಾಬಾ ಇರಲಿ, 20 ಪೌಂಡ್ ಇರಲಿ, 'ಸಾಬೋ' ಕೂಡ ಇರಲಿ. ಅಲಾಬಾದ ಮುದುಕ ಬಾಯಿ ಬಿಡಲಿಲ್ಲ, ಶಾಲೆಯೂ ಹೇಳಲಿಲ್ಲ. ಹುಡುಗನಿಗೆ ಉಳಿದದ್ದು ಕಾನು ರೇಡಿಯೋ ಒಂದೇ. ಅವನು ಕೇಳಿದ್ದರಲ್ಲಿ ಅರ್ಧ ನಿಜ, ಅರ್ಧ ವಿಷ. ಯಾವುದು ಯಾವುದು ಎಂದು ಅವನಿಗೆ ಬಿಡಿಸಿ ಹೇಳುವವರು ಇರಲಿಲ್ಲ.

2024ರಲ್ಲಿ ನೀವು ಆಗ್ನೇಯ ಅಭಿವೃದ್ಧಿ ಆಯೋಗಕ್ಕೆ ಸಹಿ ಹಾಕಿದಿರಿ. ರಸ್ತೆ ಆಗಲಿ, ಬೇಕು. ಆದರೆ ಆ ಆಯೋಗದ ಹಣ ಬಿಡುಗಡೆಗೆ ಬಜೆಟ್ ಬೇಕು, ಟೆಂಡರ್ ಬೇಕು, ವರ್ಷಗಟ್ಟಲೆ ಹಿಡಿಯುತ್ತದೆ. ಜನವರಿ 15ರ ಭಾಷಣಕ್ಕೆ ನಾಲ್ಕು ಸಾಲು ಸೇರಿಸಲು ಒಂದು ಪೆನ್ನು ಸಾಕು, ಇನ್ನೊಂದು ಹೂಗುಚ್ಛಕ್ಕೆ ಆಗುವ ಖರ್ಚು ನಿಮ್ಮ ಪ್ರೋಟೊಕಾಲ್ ವಿಭಾಗದವರಿಗೆ ಗೊತ್ತು. ಬರುವ ಜನವರಿಗೇ ಮಾಡಿ.

ಇಂತಿ ನಮಸ್ಕಾರಗಳೊಂದಿಗೆ,
ಲಾಗೋಸ್‌ನಲ್ಲಿ ಲೆಕ್ಕ ಬರೆದಿದ್ದ ಒಬ್ಬ ಕನ್ನಡಿಗ
ಬೆಂಗಳೂರು